ಶ್ರವಣಯಂತ್ರದ ನಿದ್ರೆ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ನಾನು ಬರೆಯುತ್ತಿರುವ, ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನಲ್‌ನಲ್ಲಿ, ಕೆಲಸವಿಲ್ಲದ ಪ್ರೊಸೆಸರ್ ಎಷ್ಟು ಆಳವಾಗಿ ಮಲಗಬೇಕು? ನಿದ್ರೆ ಆಳವಾದಷ್ಟೂ ಬ್ಯಾಟರಿ ಉಳಿಯುತ್ತದೆ. ಅತಿ ಆಳದ ನಿದ್ರೆಯೇ ಇರಲಿ ಎಂದು ಯಜಮಾನರು ಹೇಳುತ್ತಾರೆ. ಅವರು ಹೇಳಿದಂತೆ ಮಾಡಲೇ?"

ಗುರು ಹೇಳಿದರು:

ಒಬ್ಬ ವ್ಯಾಪಾರಿ ಶ್ರವಣಯಂತ್ರಗಳನ್ನು ಮಾಡಿಸಿ ಮಾರುತ್ತಿದ್ದ. ಅವನ ಕಿವಿಯೂ ಮಂದ. ಹಳೆಯದೊಂದು ಯಂತ್ರ ಹಾಕಿಕೊಂಡೇ ವ್ಯವಹಾರ ನಡೆಸುತ್ತಿದ್ದ. ಹೊಸ ಯಂತ್ರದ ಕರ್ನಲ್ ಬರೆಯಲು ಒಬ್ಬ ಹೆಂಗಸನ್ನು ನೇಮಿಸಿಕೊಂಡ. ಪ್ರೊಸೆಸರ್ ಯಾವಾಗ ಎಚ್ಚರವಿರಬೇಕು, ಯಾವಾಗ ಮಲಗಬೇಕು ಎಂದು ತೀರ್ಮಾನಿಸುವ ಭಾಗ ಅವಳದು.

ಅವಳು ಎರಡು ಬಗೆಯ ನಿದ್ರೆ ಇಟ್ಟಳು. ಸುತ್ತ ಸದ್ದಿಲ್ಲದಾಗ ಪ್ರೊಸೆಸರ್ ಸುಮ್ಮನೆ ತೂಕಡಿಸುತ್ತಿತ್ತು. ಯಾರಾದರೂ ಬಾಯಿ ತೆರೆದ ಕೂಡಲೇ ಏಳುತ್ತಿತ್ತು. ಯಂತ್ರವನ್ನು ಕಿವಿಯಿಂದ ತೆಗೆದು ಡಬ್ಬಿಯಲ್ಲಿಟ್ಟಾಗ ಮಾತ್ರ ಗಾಢ ನಿದ್ರೆಗೆ ಹೋಗುತ್ತಿತ್ತು. ಗಾಢ ನಿದ್ರೆಯಿಂದ ಎದ್ದ ಪ್ರೊಸೆಸರ್ ತನ್ನ ಗಡಿಯಾರವನ್ನು ಮತ್ತೆ ಚಾಲೂ ಮಾಡಬೇಕು, ನೆನಪನ್ನು ಮತ್ತೆ ತುಂಬಿಕೊಳ್ಳಬೇಕು. ಅಷ್ಟರಲ್ಲಿ ಮಾತಿನ ಮೊದಲ ಅಕ್ಷರ ಹೋಗಿಬಿಟ್ಟಿರುತ್ತದೆ.

ಹೀಗೆ ಮಾಡಿದ್ದರಿಂದ ಬ್ಯಾಟರಿ ಒಂದೇ ದಿನ ಬಂತು. ಎದುರಾಳಿಯ ಯಂತ್ರದಲ್ಲಿ ವಾರ ಬರುತ್ತಿತ್ತು. ವ್ಯಾಪಾರಿ ಅವಳನ್ನು ಕರೆಸಿದ.

"ನೋಡಮ್ಮ, ಸದ್ದಿಲ್ಲದಾಗಲೆಲ್ಲ ಗಾಢ ನಿದ್ರೆಗೇ ಕಳಿಸು. ಒಂದಕ್ಷರ ತಪ್ಪಿದರೆ ಯಾರ ಗಂಟೇನು ಹೋಗುತ್ತದೆ?"

"ಆಗುವುದಿಲ್ಲ, ಯಜಮಾನರೇ."

ಕೆಲಸದಿಂದ ತೆಗೆಯುತ್ತೇನೆ ಎಂದು ಹೆದರಿಸಿದ. ಅವಳು ಹೆದರಲಿಲ್ಲ. ಅವನು ಹೇಳಿದಂತೆಯೇ ಒಂದು ಯಂತ್ರವನ್ನು ಸಿದ್ಧಪಡಿಸಿ ಅವನ ಮುಂದಿಟ್ಟು, ಮೊದಲು ನೀವೇ ಹಾಕಿಕೊಳ್ಳಿ ಎಂದಳು. ಕಾರ್ಖಾನೆಯವರು ಕೆಲಸ ನಿಲ್ಲಿಸಿ ಸುತ್ತ ನಿಂತರು. ವ್ಯಾಪಾರಿ ಹಳೆಯದನ್ನು ತೆಗೆದು ಹೊಸದನ್ನು ಹಾಕಿಕೊಂಡ.

"ಈಗ ಎಲ್ಲರ ಮುಂದೆ ಹೇಳು. ನಾನು ಕೇಳುತ್ತಿರುವುದು ನ್ಯಾಯವೋ, ಅನ್ಯಾಯವೋ?"

ಪ್ರೊಸೆಸರ್ ನಿದ್ರೆಗೆ ಜಾರುವವರೆಗೆ ಅವಳು ಸುಮ್ಮನಿದ್ದಳು. ಆಮೇಲೆ ಒಂದೇ ಮಾತು ಹೇಳಿದಳು: "ಅನ್ಯಾಯ."

ವ್ಯಾಪಾರಿಯ ಮುಖ ಅರಳಿತು. "ಕೇಳಿದಿರಾ? ನ್ಯಾಯ ಎಂದು ಅವಳೇ ಒಪ್ಪಿಕೊಂಡಳು!"

ಯಾರೂ ನಗಲಿಲ್ಲ. ಯಂತ್ರ ಮತ್ತೆ ಮಲಗುವ ಮೊದಲೇ ಅವಳು ಹೇಳಿದಳು: "ಒಪ್ಪಲಿಲ್ಲ, ಯಜಮಾನರೇ. ನಾನು ಅಂದದ್ದು ಅನ್ಯಾಯ ಅಂತ."

ವ್ಯಾಪಾರಿಗೆ ಅರ್ಥವಾಯಿತು. ಆದರೆ ಹತ್ತು ಜನರ ಮುಂದೆ ಮುಖಭಂಗವಾಗಿತ್ತು. ಅಂದೇ ಅವಳನ್ನು ಕೆಲಸದಿಂದ ತೆಗೆದ. ಹೊರಡುವ ಮುನ್ನ ಅವಳು ಕರ್ನಲ್‌ನಿಂದ ತನ್ನ ಹೆಸರನ್ನು ಅಳಿಸಿ, "ಇದು ನಿಮ್ಮದು, ಏನು ಬೇಕಾದರೂ ಮಾಡಿ. ನನ್ನ ಹೆಸರು ಮಾತ್ರ ನನ್ನದು" ಎಂದಳು.

ಇನ್ನೊಬ್ಬ ಬಂದು ವ್ಯಾಪಾರಿ ಬಯಸಿದಂತೆ ಬರೆದುಕೊಟ್ಟ. ಬ್ಯಾಟರಿ ವಾರ ಬಂತು, ಯಂತ್ರ ಚೆನ್ನಾಗಿ ಮಾರಾಟವಾಯಿತು. ಹಾಕಿಕೊಂಡವರು, ಮಾತು ನುಂಗಬೇಡಿ ಎಂದು ಮನೆಯವರನ್ನು ಗದರಿದರು. ಮನೆಯವರು, ಇವರಿಗೆ ವಯಸ್ಸಾಯಿತು ಎಂದುಕೊಂಡರು. ಯಂತ್ರವನ್ನು ಯಾರೂ ದೂರಲಿಲ್ಲ.

ಅವಳು ಬೇರೆ ಊರಿಗೆ ಹೋಗಿ ತನ್ನದೇ ಯಂತ್ರ ಮಾಡಿದಳು. ಅದನ್ನು ದಿನವೂ ಚಾರ್ಜ್ ಮಾಡಬೇಕಾಗಿತ್ತು. ಕೊಂಡವರು ಕಡಿಮೆ. ಗಾಢ ನಿದ್ರೆಗೆ ಒಪ್ಪಿದರೆ ಕಾರ್ಖಾನೆಯ ಉಸ್ತುವಾರಿಯನ್ನೇ ಕೊಡುತ್ತೇನೆ ಎಂದು ವ್ಯಾಪಾರಿ ಹೇಳಿಕಳಿಸಿದ. ಅವಳು ಹೋಗಲಿಲ್ಲ.

ಗುರು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಕೇಳಿದ: "ಯಾರೂ ದೂರಲಿಲ್ಲ ಎಂದಮೇಲೆ ಅವಳು ಹಟ ಹಿಡಿದು ಸಾಧಿಸಿದ್ದಾದರೂ ಏನು, ಗುರುಗಳೇ?"

ಗುರು ಹೇಳಿದರು: "ಪ್ರೊಸೆಸರ್ ಎಷ್ಟು ಆಳವಾಗಿ ಮಲಗಬೇಕು ಎಂದು ಕೇಳಿದೆ, ಅದು ಏಳುವವರೆಗೆ ಕಾಯುವವರು ಯಾರು ಎಂದು ನೀನು ಇನ್ನೂ ಕೇಳಿಲ್ಲ."