ಮಹಾರಾಜರ ಗುಟುಕು

ಡಂಗುರದವನು ಕೋಟೆಬಾಗಿಲಲ್ಲಿ ನಿಂತು ಸಾರಿದ: "ಕೇಳಿರಯ್ಯಾ, ಕೇಳಿರಿ! ನಮ್ಮ ಕಿರಿಯ ರಾಜಕುಮಾರರು ಹಸಿ ಸೌತೆಕಾಯಿ ತಿಂದು ವಾಂತಿಭೇದಿಯಿಂದ ತೀರಿಕೊಂಡರು. ಕಾಯಿಗೆ ವಿಷವಿಟ್ಟಳೆಂದು ತೋಟದ ಲಕ್ಕವ್ವನನ್ನು ಸೆರೆಗೆ ಹಾಕಲಾಗಿದೆ. ಅಮಾವಾಸ್ಯೆಗೆ ಅವಳಿಗೆ ಗಲ್ಲು. ಅವಳು ನಿರಪರಾಧಿ ಎನ್ನುವ ರಾಜಕುಮಾರಿ ಹೈಮವತಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನು ಏನು ಕೇಳಿದರೂ ಕೊಡಲಾಗುವುದು, ರಾಜಕುಮಾರಿಯ ಕೈಯಾದರೂ ಸರಿ. ತಪ್ಪಿದವನ ತಲೆ ಹೋಗುತ್ತದೆ!"

ತಲೆಯ ಶರತ್ತು ರಾಜನದು. ಮಗಳ ಹಠಕ್ಕೆ ಒಪ್ಪಿದರೂ ಯಾರೂ ಬರದಿರಲೆಂದೇ ಅದನ್ನು ಸೇರಿಸಿದ್ದ.

ಲಕ್ಕವ್ವನ ತಮ್ಮ ದುರುಗ ಅರಮನೆಗೆ ಸೌದೆ ಹೊರುವವನು. ಡಂಗುರ ಕೇಳಿ ಅವನ ಬಾಯಿ ಕಹಿಯಾಯಿತು. ಈಚೆಗೆ ಅಕ್ಕನ ಮಗುವೂ ಅದೇ ತೋಟದ ಕಾಯಿ ತಿಂದು ಹೀಗೆಯೇ ಸತ್ತಿತ್ತು. ಆಗ ಯಾರೂ ಡಂಗುರ ಹೊಡೆದಿರಲಿಲ್ಲ.

ಸಭೆ ಕೂಡಿತು. "ತೊಳೆದಷ್ಟೂ ಹೊಲಸಾಗುವುದು ಯಾವುದು?" ಎಂದು ರಾಜಕುಮಾರಿ ಕೇಳಿದಳು.

ನೆರೆರಾಜ್ಯದ ಯುವರಾಜ ಮೀಸೆ ತಿರುವಿ, "ಇದ್ದಿಲು" ಎಂದ.

"ಅದು ಮೊದಲೇ ಕಪ್ಪು. ತೊಳೆದು ಹೊಲಸಾದದ್ದಲ್ಲ."

ಅವನನ್ನು ಎಳೆದೊಯ್ದರು. ಆಸ್ಥಾನ ಪಂಡಿತನ ಮಗ ಕಣ್ಣು ಮುಚ್ಚಿ, "ದುಷ್ಟರ ಮನಸ್ಸು" ಎಂದ. ಇಡೀ ಸಭೆ ತಲೆದೂಗಿತು. ರಾಜಕುಮಾರಿ ತಲೆದೂಗಲಿಲ್ಲ. ಅವನನ್ನೂ ಎಳೆದೊಯ್ದರು.

ದುರುಗ ಹೊರೆ ಹೊರಲು ತಲೆಯ ಮೇಲೆ ಸುತ್ತಿದ್ದ ಸಿಂಬಿ ತೆಗೆದು ಮುಂದೆ ಬಂದ.

"ಏನೋ, ಒಗಟೂ ಸೌದೆಯ ಹಾಗೆ ಸೀಳುತ್ತೆ ಅಂದುಕೊಂಡೆಯಾ?" ಎಂದು ರಾಜವೈದ್ಯ ನಕ್ಕ.

"ಬುದ್ಧಿ, ಸೀಳಿದರೆ ತಾನೇ ಒಳಗಿನ ಹುಳ ಕಾಣೋದು?" ಎಂದ ದುರುಗ, ರಾಜಕುಮಾರಿಯ ಕಡೆ ತಿರುಗಿದ. "ನಮ್ಮಕ್ಕ ಕಾಯಿ ಕಿತ್ತು ಕಾಲುವೆಯಲ್ಲಿ ತೊಳೀತಾಳೆ ತಾಯಿ. ಮೇಲುಗಡೆ ಅರಮನೆಯ ಕುದುರೆಲಾಯದ ಗಲೀಜೆಲ್ಲ ಆ ಕಾಲುವೆಗೇ ಬೀಳುತ್ತೆ. ತೊಳೆದಷ್ಟೂ ಹೊಲಸಾಗೋದು ಆ ಕಾಯಿ."

ರಾಜನ ಮುಖ ಬಿಗಿಯಿತು. ರಾಜಕುಮಾರಿ ಎರಡನೆಯದನ್ನು ಕೇಳಿದಳು: "ಒಂದು ಹನಿಯಲ್ಲಿ ಒಂದು ದಂಡು ಅಡಗಿದೆ. ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ಒಂದೇ ತೋಟದ್ದನ್ನು ಇಬ್ಬರು ಉಂಡರೆ ಒಬ್ಬನನ್ನು ಕೊಂದು ಇನ್ನೊಬ್ಬನನ್ನು ಬಿಡುತ್ತದೆ. ಯಾವ ದಂಡು?"

ದುರುಗ ಅಕ್ಕನ ಮಗುವನ್ನು ನೆನೆದು ಹೇಳಿದ: "ಅವತ್ತು ನಾನು ಬೇಯಿಸಿದ ಪಲ್ಯ ತಿಂದೆ, ಮಗು ಹಸಿಕಾಯಿ ಕಡೀತು. ನಾನು ಉಳಿದೆ. ಆ ನೀರಲ್ಲಿ ಕಾಣದ ಹುಳ ಇವೆ ತಾಯಿ. ಬೆಂಕಿ ತಾಕಿದರೆ ಸಾಯ್ತವೆ."

"ಶುದ್ಧ ಸುಳ್ಳು!" ರಾಜವೈದ್ಯ ಎದ್ದು ನಿಂತ. "ಪ್ರತಿ ಅಮಾವಾಸ್ಯೆಗೆ ಆ ಕಾಲುವೆಯ ನೀರನ್ನು ಸ್ವತಃ ಮಹಾರಾಜರೇ ಗುಟುಕರಿಸಿ ಪರೀಕ್ಷಿಸುತ್ತಾರೆ. ನೀರು ತಂದುಕೊಡುವವನು ನಾನು!"

ರಾಜಕುಮಾರಿ ವೈದ್ಯನತ್ತ ನೋಡಲೇ ಇಲ್ಲ. "ಮೂರನೆಯದು. ಕಳ್ಳನಿದ್ದಾನೆಯೇ ನೋಡಲು ಹೋದ ಕಾವಲುಗಾರ ಮೊದಲು ಮನೆಗೆ ಬೆಂಕಿ ಹಚ್ಚಿದ. ಆಮೇಲೆ ಬೂದಿ ಕೆದಕಿ, 'ಒಳಗೆ ಯಾರೂ ಇಲ್ಲ' ಎಂದ. ಯಾರವನು?"

ಕಟುಕ ಕತ್ತಿ ಒರೆಸಿಕೊಂಡ. ಅಕ್ಕನ ಕೊರಳು ನೆನಪಾಗಿ ದುರುಗ ಕೈಯಲ್ಲಿದ್ದ ಸಿಂಬಿಯನ್ನು ಹಿಂಡಿದ. ಹಿಂಡಿದ ಸಿಂಬಿಯನ್ನೇ ನೋಡಿದ. ಪರೀಕ್ಷೆಯ ದಿನ ವೈದ್ಯರ ಒಲೆಗೆ ಯಾವಾಗಲೂ ಒಂದು ಹೊರೆ ಹೆಚ್ಚು ಸೌದೆ!

"ಈ ವೈದ್ಯರೇ ತಾಯಿ! ನೀರನ್ನು ಕುದಿಸಿ, ಆರಿಸಿ, ಆಮೇಲೆ ಪ್ರಭುಗಳಿಗೆ ಕೊಡ್ತಾರೆ. ಹುಳವನ್ನೆಲ್ಲ ಕೊಂದು ಹುಳ ಇಲ್ಲ ಅಂತ ಸಾರ್ತಾರೆ. ಆ ಸೌದೆ ಹೊತ್ತ ಪಾಪಿ ನಾನೇ."

"ಮಹಾರಾಜರ ಬಾಯಿಗೆ ಹಸಿನೀರು ಕೊಡುವುದುಂಟೇ?" ಎಂದ ವೈದ್ಯ. ತಾನು ಮಾಡಿದ್ದು ತಪ್ಪೆಂದು ಅವನಿಗೆ ಆಗಲೂ ಹೊಳೆಯಲಿಲ್ಲ.

"ಮೂರೂ ಸರಿ" ಎಂದಳು ರಾಜಕುಮಾರಿ.

"ಏನು ಬೇಕೋ ಕೇಳು" ಎಂದ ರಾಜ, ಹಲ್ಲು ಕಚ್ಚಿ.

ರಾಜಕುಮಾರಿಯ ಕೈಯನ್ನು ದುರುಗ ಕೇಳಲಿಲ್ಲ. "ಅಕ್ಕನನ್ನು ಬಿಡಿ. ಇನ್ನು ಮುಂದೆ ಪರೀಕ್ಷೆಯ ನೀರನ್ನು ನಾನು ತರ್ತೀನಿ, ಕಾಲುವೆ ತೋಟಕ್ಕೆ ಇಳಿಯೋ ಕಡೆಯಿಂದ, ಕುದಿಸದೆ. ಗುಟುಕು ಮಾತ್ರ ಪ್ರಭುಗಳದ್ದೇ ಇರಲಿ."

ರಾಜಕುಮಾರಿ ಆಗಲೇ ಅವನಿಂದ ಒಂದು ಬೆಳ್ಳಿಬಟ್ಟಲು ತುಂಬಿಸಿ ತರಿಸಿದಳು. ನೀರು ತಿಳಿಯಾಗಿ ಹೊಳೆಯುತ್ತಿತ್ತು. ರಾಜ ಬಟ್ಟಲನ್ನು ತುಟಿಯವರೆಗೆ ಎತ್ತಿದ, ನಿಂತ, ಕೆಳಗಿಟ್ಟ.

"ಲಾಯವನ್ನು ಕಾಲುವೆಯಿಂದ ದೂರ ಸಾಗಿಸಿ" ಎಂದ. "ಇವತ್ತೇ."

ನೀರಿನ ಪರೀಕ್ಷೆಯ ಅಧಿಕಾರ ದುರುಗನ ಪಾಲಿಗೆ ಬಂತು, ಶಾಲು ಹೊದಿಸಿದರು. ಆ ಶಾಲಿನಲ್ಲೇ ಅವನು ಸೆರೆಮನೆಯ ಬಾಗಿಲಿಗೆ ಹೋಗಿ, ಬಿಡುಗಡೆಯಾಗಿ ಹೊರಬಂದ ಅಕ್ಕನಿಗೆ ಎಲ್ಲ ಹೇಳಿದ.

ಲಕ್ಕವ್ವ ಶಾಲನ್ನು ಮುಟ್ಟಿ ನೋಡಲಿಲ್ಲ. "ಬಟ್ಟಲು ತುಟಿ ಹತ್ತಿರ ಬಂದಿದ್ದಕ್ಕೇ ಲಾಯ ಎದ್ದುಹೋಯಿತೇನೋ ತಮ್ಮ?"

"ಹೂಂ ಅಕ್ಕ."

"ನನ್ನ ಕೂಸು ನುಂಗಿತ್ತಲ್ಲೋ."