ಆರಿಸಬಾರದ ಒಲೆ

ನದಿ ದಂಡೆಯ ಆ ಆಶ್ರಮದಲ್ಲಿ ಪವಾಡಗಳೇನೂ ನಡೆಯುತ್ತಿರಲಿಲ್ಲ. ಕರೆಂಟು ಹೋದಾಗ ಮಾತ್ರ ಎಲ್ಲರಿಗೂ ದೇವರ ನೆನಪಾಗುತ್ತಿತ್ತು.

ಈಚೆಗೆ ದಿನಾ ನೆನಪಾಗುತ್ತಿತ್ತು. ಹೊಸ ಶಿಷ್ಯ ಇಂದುಧರ ಬೆಳಿಗ್ಗೆ ಬ್ರೆಡ್ಡು ಬೇಯಿಸಲು ಓವನ್ ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಗೋಡೆಯ ಪೆಟ್ಟಿಗೆಯಲ್ಲಿ ಟಪ್ ಎಂದು ಮೇನ್ ಸ್ವಿಚ್ ಬೀಳುತ್ತಿತ್ತು. ಪಂಪು ನಿಲ್ಲುತ್ತಿತ್ತು. ಫ್ಯಾನು ನಿಲ್ಲುತ್ತಿತ್ತು. ಮೈಕಿನ ಭಜನೆ ಅರ್ಧ ಸಾಲಿಗೆ ಪ್ರಾಣ ಬಿಡುತ್ತಿತ್ತು.

ಹಿರಿಯ ಶಿಷ್ಯ ತ್ರಿಯಂಬಕನ ಕಿವಿಗೆ ಆ ಟಪ್ ಎಂಬ ಸದ್ದು ಭಜನೆಗಿಂತ ಹಿತವಾಗಿತ್ತು.

ಓವನ್ ಬರುವ ಮುಂಚೆ ಹಲ್ಲಿಲ್ಲದ ಗುರುಗಳಿಗೆ ಬೆಳಗಿನ ಊಟವೆಂದರೆ ಅವನ ಕೈಯ ಗಂಜಿ. ಗುರುಗಳು ಕುಡಿಯುವರು, ಅವನು ಎದುರಿಗೆ ಕೂತು ನೋಡುವನು. ಓವನ್ ಬಂದು ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಇಂದುಧರ ಗುರುಗಳಿಗೂ ಬಿಸಿ ಬ್ರೆಡ್ಡು ತಂದುಕೊಟ್ಟ. ಗುರುಗಳು ಒಂದು ಚೂರು ಹಾಲಿಗೆ ಅದ್ದಿ ಬಾಯಿಗಿಟ್ಟು, "ಮೆತ್ತಗಿದೆಯಪ್ಪ" ಎಂದರು.

ಗಂಜಿಗೆ ಅವರು ಯಾವತ್ತೂ ಏನೂ ಅಂದಿರಲಿಲ್ಲ.

ಮರುದಿನದಿಂದ ತ್ರಿಯಂಬಕ ಗಂಜಿಯ ಬಟ್ಟಲನ್ನು ಬಾಗಿಲಲ್ಲಿಟ್ಟು ಹಿಂದಿರುಗತೊಡಗಿದ. ಕರೆಯುತ್ತಾರೆ ಎಂದು ಕಾದ. ಕರೆಯಲಿಲ್ಲ. ಬಟ್ಟಲು ತುಂಬಿದ್ದು ತುಂಬಿದಂತೆಯೇ ಇರುತ್ತಿತ್ತು. ಅವನ ಎದೆಯಲ್ಲಿ ಉರಿಯುತ್ತಿದ್ದದ್ದಕ್ಕೆ ಲೋಕದಲ್ಲಿ ಹೊಟ್ಟೆಕಿಚ್ಚು ಎಂಬ ಹೆಸರಿದೆ. ಅವನು ಅದನ್ನು ಗುರುಗಳ ಆರೋಗ್ಯದ ಚಿಂತೆ ಎಂದು ಕರೆದುಕೊಂಡ.

ಒಂದು ಬೆಳಿಗ್ಗೆ ಗುರುಗಳು ಅವನನ್ನು ಕರೆಸಿದರು.

"ನೀನು ಪಾಲಿಟೆಕ್ನಿಕ್ಕಿನಲ್ಲಿ ಕರೆಂಟಿನ ಪಾಠ ಹೇಳಿದವನು. ಇದೇನಾಗಿದೆ ನೋಡು."

"ನೋಡೋದೇನಿದೆ ಬುದ್ಧಿ. ಓವನ್ ಕೆಟ್ಟಿದೆ."

"ನೋಡದೆ ಹೇಳೋದು ನನ್ನ ಕಸುಬು. ನೀನು ನೋಡಿ ಹೇಳು."

ತ್ರಿಯಂಬಕ ಹೋಗಿ ನೋಡಿದ. ಬೇಗನೇ ಬಂದ. ಗುರುಗಳ ಪಕ್ಕದಲ್ಲಿ ಇಂದುಧರ ಹಿಟ್ಟಿನ ಕೈಯಲ್ಲೇ ನಿಂತಿದ್ದ.

"ಎಲ್ಲ ಆರಿಸಿದೆ ಬುದ್ಧಿ. ದೀಪ ಹಾಕಿದೆ, ಬೀಳಲಿಲ್ಲ. ಫ್ಯಾನು, ಪಂಪು ಹಾಕಿದೆ, ಬೀಳಲಿಲ್ಲ. ಅವನ್ನೆಲ್ಲ ತೆಗೆದು ಓವನ್ ಒಂದನ್ನೇ ಹಾಕಿದೆ. ಬಿತ್ತು. ಇದು ನಮ್ಮಲ್ಲಿಗೆ ಆಗಿಬರೋ ಸಾಮಾನಲ್ಲ. ವಾಪಸು ಕಳಿಸಬೇಕು."

"ಅದರ ಜೊತೆ ನಾನೂ ಹೋಗಬೇಕಾ ಅಣ್ಣ?" ಇಂದುಧರ ಕೇಳಿದ.

"ನಿನ್ನಿಷ್ಟ. ಹೊರೋದಕ್ಕೆ ಬೇರೆ ಆಳು ಹುಡುಕೋದು ತಪ್ಪುತ್ತೆ."

ಗುರುಗಳು ಹೇಳಿದರು: "ಬಂದ ಹೊಸದರಲ್ಲಿ ಚೆನ್ನಾಗಿತ್ತಲ್ಲ ಅದು."

"ಬಂದ ಹೊಸದರಲ್ಲಿ ಎಲ್ಲರೂ ಚೆನ್ನಾಗಿಯೇ ಇರ್ತಾರೆ ಬುದ್ಧಿ."

"ಇನ್ನೊಂದು ಸಲ ಮಾಡು. ನಾನೂ ಬರ್ತೀನಿ."

ಅಡುಗೆಮನೆಗೆ ಮೂವರೂ ಹೋದರು. ತ್ರಿಯಂಬಕ ಮೇನ್ ಸ್ವಿಚ್ ಎತ್ತಿದ. ದೀಪ, ಫ್ಯಾನು, ಪಂಪು ಎಲ್ಲ ಆರಿಸಿ ಓವನ್ ಹಾಕಿದ. ಕಾದರು. ಇಂದುಧರ ಕೈಗಂಟಿದ ಹಿಟ್ಟನ್ನು ಉಜ್ಜುತ್ತ ನಿಂತ.

ಟಪ್.

"ನೋಡಿದಿರಾ?" ಎಂದ ತ್ರಿಯಂಬಕ. ಬಹಳ ದಿನಗಳ ಮೇಲೆ ಅವನ ಮುಖ ಅರಳಿತ್ತು.

ಗುರುಗಳು ಓವನ್ ಕಡೆ ತಿರುಗಿಯೂ ನೋಡಲಿಲ್ಲ. ಪಕ್ಕದ ಕೋಣೆಗೆ ಹೋದರು. ಅಲ್ಲಿ ಕರೆಂಟಿನ ಒಲೆಯ ಮೇಲೆ ಮುಚ್ಚಿಟ್ಟ ಪಾತ್ರೆಯಿತ್ತು. ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡರು.

"ಸುಡುತ್ತೆ."

"ನಿಮ್ಮ ಗಂಜಿ ಬುದ್ಧಿ."

"ಎಲ್ಲ ಆರಿಸಿದೆ ಅಂದೆ."

"ಆರಿಸಿದೆ."

"ಮತ್ತೆ ಇದು?"

"ಇದನ್ನ ಆರಿಸೋ ಹಾಗಿಲ್ಲ. ನೀವು ಕುಡಿದ ಮೇಲೇ ಆರಿಸಬೇಕು. ಮೊದಲಿಂದ ಹಾಗೇ ನಡೆದುಬಂದಿದೆ."

"ಯಾರು ಮಾಡಿದ ನಿಯಮ?"

"ನಾನೇ."

"ಇದು ಕರೆಂಟು ತಿನ್ನಲ್ವಾ?"

"ತಿನ್ನುತ್ತೆ. ಹೆಚ್ಚುಕಡಿಮೆ ಓವನ್ನಿನಷ್ಟೇ..."

ಅಲ್ಲಿಗೆ ಮಾತು ನಿಂತಿತು. ಅವನೊಳಗಿನ ಪಾಲಿಟೆಕ್ನಿಕ್ ಮೇಷ್ಟ್ರು ತಡವಾಗಿ ಎಚ್ಚರಗೊಂಡಿದ್ದ. ಆಶ್ರಮದ ಹಳೆಯ ವೈರು ಎರಡರಲ್ಲಿ ಒಂದನ್ನು ಹೊರುತ್ತಿತ್ತು, ಎರಡನ್ನೂ ಅಲ್ಲ. ಮುಂಚೆ ಗುರುಗಳು ಬೆಳಕು ಹರಿಯುವಾಗಲೇ ಗಂಜಿ ಕುಡಿಯುತ್ತಿದ್ದರು. ಓವನ್ ಹಾಕುವ ಹೊತ್ತಿಗೆ ಈ ಒಲೆ ಆರಿರುತ್ತಿತ್ತು. ಈಗ ಕುಡಿಯುವವರಿಲ್ಲದೆ ಒಲೆ ಮಧ್ಯಾಹ್ನದವರೆಗೂ ಉರಿಯುತ್ತಿತ್ತು. ಇಂಥ ತಪ್ಪಿಗೆ ಅವನು ಎಷ್ಟೋ ಹುಡುಗರನ್ನು ಫೇಲು ಮಾಡಿದ್ದ.

"ಇದು ಸೇವೆ ಬುದ್ಧಿ," ಎಂದ. "ಇದನ್ನ ಲೋಡಿನ ಲೆಕ್ಕಕ್ಕೆ ಹಿಡಿಯೋದು ಹೇಗೆ?"

"ವೈರಿಗೆ ಗೊತ್ತಾಗುತ್ತಾ, ಇದು ಸೇವೆ ಅಂತ?"

ಗುರುಗಳೇ ಬಗ್ಗಿ ಒಲೆಯ ಸ್ವಿಚ್ ಆರಿಸಿದರು. ತ್ರಿಯಂಬಕ ಮೇನ್ ಸ್ವಿಚ್ ಎತ್ತಿದ. ಓವನ್ ಕೆಂಪಗಾಯಿತು. ಕಾದರು. ಇಂದುಧರ ಬ್ರೆಡ್ಡಿನ ತಟ್ಟೆ ಒಳಗಿಟ್ಟ. ಮತ್ತೂ ಕಾದರು. ಅಡುಗೆಮನೆಯ ತುಂಬ ವಾಸನೆ ಎದ್ದಿತು. ಸ್ವಿಚ್ ಬೀಳಲಿಲ್ಲ.

ಇಂದುಧರ ನಗಲಿಲ್ಲ. ನಕ್ಕಿದ್ದರೆ ತ್ರಿಯಂಬಕನಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಹಾಗಾದರೆ ನನ್ನ ಒಲೆ ಎತ್ತಿಡಲಾ ಬುದ್ಧಿ?"

ಬೇಡ ಅನ್ನುತ್ತಾರೆ ಎಂದುಕೊಂಡಿದ್ದ.

"ಎತ್ತಿಡು," ಎಂದರು ಗುರುಗಳು.

ಅವನು ಪ್ಲಗ್ಗು ಕಿತ್ತ. ವೈರನ್ನು ಕೈಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ. ಇಷ್ಟು ವರ್ಷ ಈ ಆಶ್ರಮದಲ್ಲಿ ತನ್ನದು ಅಂತ ಇದ್ದದ್ದು ಇದೊಂದೇ ಒಲೆ. ಕೇಳಬಾರದು ಅಂದುಕೊಂಡದ್ದನ್ನು ಕೊನೆಗೂ ಕೇಳಿದ.

"ಇವನ ಬ್ರೆಡ್ಡು ಅಷ್ಟು ರುಚಿಯಾ?"

"ಅಂಗುಳಿಗೆ ಅಂಟುತ್ತೆ."

ಇಂದುಧರ ತಲೆ ಎತ್ತಿದ.

"ಮತ್ತೆ ನನ್ನ ಗಂಜಿಗೇನಾಗಿತ್ತು ಬುದ್ಧಿ? ಮುಂಚೆ ದಿನಾ ಕುಡೀತಿದ್ದಿರಿ. ತಳ ಕಾಣೋ ತನಕ ಕುಡೀತಿದ್ದಿರಿ."

ಗುರುಗಳು ಸುಟ್ಟ ಬೆರಳನ್ನು ಊದಿಕೊಂಡರು.

"ಗಂಜಿ ನನಗೆ ಯಾವತ್ತೂ ಸೇರಿದ್ದಿಲ್ಲ, ತ್ರಿಯಂಬಕ. ನೀನು ಎದುರಿಗೆ ಕೂತಿರ್ತಿದ್ದೆ. ಅದಕ್ಕೆ ಕುಡೀತಿದ್ದೆ."