ಸರಿಯದ ಪುಟ

ಲಗಮಣ್ಣನಂಥ ಶಿಷ್ಯ ಆ ಹೊಳೆಯ ಎರಡೂ ದಂಡೆಗಳಲ್ಲಿ ಇರಲಿಲ್ಲ. ಹೀಗೆ ಹೇಳಿಕೊಂಡು ತಿರುಗುತ್ತಿದ್ದವನು ಲಗಮಣ್ಣನೇ.

ಅವನ ಗುರು ಸಿದರಾಯಜ್ಜ, ಹೆಳವರವರು. ಎತ್ತಿನ ಮೇಲೆ ಕೂತು, ಕೈಯಲ್ಲಿ ಗಂಟೆ ಹಿಡಿದು ಊರೂರು ಹೋಗುವುದು, ಒಂದೊಂದು ಮನೆಯ ಅಂಗಳದಲ್ಲಿ ನಿಂತು ಆ ಮನೆಯವರ ಹೆಸರನ್ನು ತಲೆಮಾರಿನ ಮೇಲೆ ತಲೆಮಾರು ಹೇಳುವುದು ಅಜ್ಜನ ಕಾಯಕ. ಒಂದು ಮನೆಗೆ ಮೂರು ವರ್ಷಕ್ಕೊಮ್ಮೆ ಸರದಿ.

ಹೆಸರುಗಳೆಲ್ಲ ಒಂದು ದಪ್ಪ ಹೊತ್ತಿಗೆಯಲ್ಲಿದ್ದವು, ಮನೆಗೊಂದು ಪುಟದಂತೆ. ಲಗಮಣ್ಣ ಅಷ್ಟನ್ನೂ ಫೋಟೊ ಹೊಡೆದು ಟ್ಯಾಬಿಗೆ ಇಳಿಸಿದ್ದ. ಹೆಳವರ ಹುಟ್ಟಿನಲ್ಲೇ ಯಾರೂ ಮಾಡದ ಕೆಲಸ ಇದು ಎಂದು ಸಂತೆಯಲ್ಲಿ ನಾಲ್ಕು ಮಂದಿಗೆ ಹೇಳಿದ್ದ. ಐದನೆಯವನು ಅರ್ಧಕ್ಕೇ ಎದ್ದು ಹೋಗಿದ್ದ.

ಅಜ್ಜ ಹಿಂದಿನ ದಿನ ಒಂದು ಮಾತು ಕೊಟ್ಟಿದ್ದರು.

"ನಾಳಿದ್ದು ಹುಲ್ಲೆಪ್ಪನವರ ಮನಿಯೊಳಗ ನೀನ ಹೇಳು. ಎಲ್ಲೂ ತಡವರಿಸದಂಗ ಹೇಳಿದಿ ಅಂದ್ರ ಗಂಟಿ ನಿಂದು."

ಗಂಟೆ ಅಜ್ಜನ ಅಜ್ಜನದು. ಅದು ಕೈಗೆ ಬಂದವನೇ ಹೆಳವ. ಅಲ್ಲಿಯವರೆಗೆ ಅವನು ಎತ್ತಿಗೆ ಮೇವು ಹಾಕುವವನು, ಅಷ್ಟೆ.

ಆ ಬೆಳಿಗ್ಗೆ, ಹೊಳೆ ದಂಡೆಯ ಹುಣಸೆ ಮರದ ಕೆಳಗೆ, ಟ್ಯಾಬು ನಿಂತುಬಿಟ್ಟಿತು.

ಬೆಳಕು ಉರಿಯುತ್ತಿತ್ತು, ಪುಟ ಕಾಣುತ್ತಿತ್ತು. ಬೆರಳಿಟ್ಟು ಎಳೆದರೆ ಮಾತ್ರ ಸರಿಯದು. ಮೇಲಿನ ಮೂಲೆಯಲ್ಲಿ ವೇಳೆ ಹತ್ತೂ ಇಪ್ಪತ್ತಕ್ಕೆ ನಿಂತಿತ್ತು. ಚಾರ್ಜು ಮೂವತ್ತೊಂದಕ್ಕೆ ನಿಂತಿತ್ತು.

ಲಗಮಣ್ಣ ಬಾಜೂದ ಬಟನ್ ಒತ್ತಿದ. ಒತ್ತಿ ಹಿಡಿದ. ಎರಡೂ ಬಟನ್ ಕೂಡಿಸಿ ಹಿಡಿದು ಮೂವತ್ತು ಎಣಿಸಿದ. ಒದ್ದೆ ಪಂಜೆಯಲ್ಲಿ ಬೆನ್ನು ಒರೆಸಿದ. ಅಂಗೈ ಮೇಲೆ ಬಡಿದ. ಚಾರ್ಜಿಗೆಂದು ಜೊತೆಗಿದ್ದ ಸೋಲಾರ್ ಪ್ಲೇಟಿನ ವೈರು ಚುಚ್ಚಿದ, ಕಿತ್ತ, ಮತ್ತೆ ಚುಚ್ಚಿದ.

ಅಜ್ಜ ಹೊಳೆಯಲ್ಲಿ ಎತ್ತಿನ ಮೈ ತೊಳೆದು ಮೇಲೆ ಬಂದರು.

"ಏನಾತೋ?"

"ಟ್ಯಾಬ್ ಹ್ಯಾಂಗ್ ಆಗೇತ್ರಿ, ಅಜ್ಜಾರ."

"ಏನೇನು ಮಾಡಿದಿ?"

"ಎಲ್ಲಾ ಮಾಡೇನ್ರಿ. ಇದರಾಗ ನನಗ ಗೊತ್ತಿಲ್ಲದ್ದು ಅನ್ನೂದು ಏನೂ ಇಲ್ರಿ."

"ಅದು ಅದಕ್ಕ ಗೊತ್ತಿಲ್ಲ, ಕಾಣಸ್ತೈತಿ."

ಲಗಮಣ್ಣ ಅಜ್ಜನ ಡಬ್ಬಾ ಫೋನು ಇಸಿದುಕೊಂಡು ದಾವಲನಿಗೆ ಹಚ್ಚಿದ. ದಾವಲ ಸಂತೆಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಗೆಳೆಯ. ಅವನ ದನಿ ಮರದ ಕೆಳಗೆಲ್ಲ ಕೇಳುವಷ್ಟು ಜೋರಾಗಿತ್ತು.

"ಎರಡೂ ಬಟನ್ ಕೂಡೇ ಹಿಡದಿ?"

"ಹಿಡದೆ."

"ಏಳಲಿಲ್ಲ?"

"ಎದ್ದಿದ್ರ ನಿನಗ್ಯಾಕ ಫೋನ್ ಹಚ್ಚತಿದ್ದೆ?"

"ಹಂಗಾರ ಇಲ್ಲಿ ತಗೊಂಡು ಬಾ. ಒಳಗಿಂದೆಲ್ಲಾ ಅಳಿಸಿ ಹೊಸದರಂಗ ಮಾಡಿ ಕೊಡ್ತೇನಿ."

"ಒಳಗಿಂದ ಅಳಸಬಾರದು."

"ಬ್ಯಾರೆ ಕಡೆ ಎಲ್ಯಾರ ಇಟ್ಟೀಯೇನು?"

"ಮುಂದಿನ ವಾರ ಇಡಾಂವ ಇದ್ದೆ."

ದಾವಲನ ಹಿಂದಿನಿಂದ ಯಾರೋ ಗಿರಾಕಿ ಕೂಗುತ್ತಿದ್ದ.

"ಇನ್ನೊಂದು ದಾರಿ ಐತಿ. ಬ್ಯಾಟರಿ ಪೂರಾ ಸಾಯಾಕ ಬಿಡು. ಸತ್ತ ಮ್ಯಾಲೆ ಚಾರ್ಜಿಗೆ ಹಾಕು. ಎದ್ರ ಏಳ್ತೈತಿ."

"ಏಳದಿದ್ರ?"

"ಏಳದಿದ್ರ ಇಲ್ಲ." ಫೋನು ಇಟ್ಟ.

ಅಜ್ಜ ಎತ್ತನ್ನು ಮರಕ್ಕೆ ಕಟ್ಟಿ ಬಂದು ಕೂತರು.

"ಇಷ್ಟು ಒದ್ದಾಟ ಯಾಕೋ ತಮ್ಮಾ? ಹೊತ್ತಿಗಿ ತಗಿ."

ಲಗಮಣ್ಣ ಎತ್ತಿನ ಕಡೆ ನೋಡಿದ. ಎತ್ತು ಅವನ ಕಡೆ ನೋಡಲಿಲ್ಲ.

"ಹೊತ್ತಿಗಿ ಇಲ್ರಿ."

"ಎಲ್ಲಿ ಹೋತು?"

"ಹೊಳಿಗೆ ಬಿಟ್ಟೇನ್ರಿ. ಎಂಟು ದಿನ ಆತು. ಅರಿಷಿಣ ಕುಂಕುಮ ಹಚ್ಚಿ, ಕೈ ಮುಗದು, ಪದ್ಧತಿ ಪ್ರಕಾರಾನ ಬಿಟ್ಟೇನ್ರಿ. ಹೊಸದಕ್ಕ ಇಳಿಸಿದ ಮ್ಯಾಲೆ ಹಳೇದನ್ನ ಹೊಳಿಗೆ ಬಿಡೂದು ನಮ್ಮಲ್ಲಿ ಐತೆಲ್ರಿ?"

"ಐತಿ. ಬಿಡೂಕಿಂತ ಮೊದಲ ಏನು ಮಾಡಬೇಕು?"

"ಪೂರಾ ಬಾಯಿಬಿಟ್ಟು ಓದಬೇಕ್ರಿ."

"ಓದಿದಿ?"

"ಫೋಟೊ ಹೊಡದೇನ್ರಿ."

"ಓದಿದಿ?"

"ಒಂದೊಂದು ಅಕ್ಷರಾನೂ ಸ್ಪಷ್ಟ ಬಂದೈತ್ರಿ."

ಅಜ್ಜ ಹೊಳೆಯನ್ನು ನೋಡಿದರು. ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ಅವರು ಎಲೆ ಅಡಿಕೆಯ ಚಂಚಿ ಬಿಚ್ಚಿ ಒಂದು ಎಲೆಗೆ ಸುಣ್ಣ ಹಚ್ಚಿದರು. ಲಗಮಣ್ಣ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು.

"ನಿಮಗ ಬಾಯಾಗ ಬರ್ತೈತೆಲ್ರಿ ಅಜ್ಜಾರ? ನೀವು ಹೇಳ್ರಿ, ನಾನು ಕಲಕೊಳ್ತೇನಿ. ನನ್ನ ನೆನಪು ಹೆಂಗೈತಿ ಅಂತ ನಿಮಗ ಗೊತ್ತಿಲ್ಲ."

ಅಜ್ಜ ಕಣ್ಣು ಮುಚ್ಚಿ ಶುರು ಮಾಡಿದರು. ಮೂಲಪುರುಷ ಹುಲ್ಲೆಪ್ಪ. ಹುಲ್ಲೆಪ್ಪನಿಗೆ ಇಬ್ಬರು, ಭರಮಪ್ಪ, ತಮ್ಮಣ್ಣ. ಭರಮಪ್ಪನಿಗೆ ಮೂವರು. ಅವರಲ್ಲಿ ನಡುವಿನವನಿಗೆ ಒಬ್ಬ. ನಾಲ್ಕನೆಯ ತಲೆಮಾರಿಗೆ ಬಂದು ದನಿ ನಿಂತಿತು. ತುಟಿ ಎರಡು ಸಲ ಅಲುಗಿತು. ಮತ್ತೆ ಏನೂ ಬರಲಿಲ್ಲ.

"ಮುಂದ, ಅಜ್ಜಾರ?"

"ನಾನೂ ಹ್ಯಾಂಗ್ ಆದೆ. ಈಗ ನನ್ನ ಯಾವ ಬಟನ್ ಒತ್ತತಿ?"

ಲಗಮಣ್ಣನಿಗೆ ನಗು ಬರಲಿಲ್ಲ. ಟ್ಯಾಬನ್ನು ಎದೆಗೆ ಒತ್ತಿಕೊಂಡ.

"ಒಂದು ಕೆಲಸ ಮಾಡ್ತೇನ್ರಿ. ಹ್ಯಾಂಗ್ ಆಗಿದ್ದು ಹುಲ್ಲೆಪ್ಪನವರ ಪುಟದ ಮ್ಯಾಲಾನ ಐತಿ. ವೈರ್ ಕೀಳೂದಿಲ್ಲ. ನಾಳೆ ಪ್ಲೇಟ್ ಸಮೇತ ಎತ್ತಿನ ಮ್ಯಾಲೆ ಹೇರಿಕೊಂಡು ಹೋಗಿ, ಅವರ ಅಂಗಳದಾಗ ನೋಡಿಕೊಂಡು ಓದತೇನಿ. ಎಲ್ಲೂ ತಡವರಿಸೂದಿಲ್ಲ."

ಅಜ್ಜ ಕೈ ಚಾಚಿ ವೈರು ಕಿತ್ತರು. ಸುತ್ತಿ ತಮ್ಮ ಚಂಚಿಯೊಳಗೆ ಇಟ್ಟುಕೊಂಡರು.

"ಅಜ್ಜಾರ, ಅದು ಸಾಯ್ತೈತ್ರಿ."

"ದಾವಲ ಏನಂದ?"

"ಸಾಯಾಕ ಬಿಡು ಅಂದ."

"ಬಿಡು."

"ನಾಳಿನ ಹೆಸರು ಇದರಾಗ ಅದಾವ್ರಿ."

"ಈಗ ಕಾಣವಲ್ವೇನು?"

"ಕಾಣತಾವ್ರಿ."

"ಎಷ್ಟೊತ್ತು ಕಾಣತಾವು?"

"ಗೊತ್ತಿಲ್ರಿ. ಮೂವತ್ತೊಂದು ಅಂತ ತೋರಸ್ತೈತಿ. ಆದ್ರ ಅದು ಆಗಿನ ಮೂವತ್ತೊಂದು."

"ಹಂಗಾರ ನನ್ನ ಜೋಡಿ ಮಾತಾಡಕೋಂತ ಕೂಡಬ್ಯಾಡ."

ಲಗಮಣ್ಣ ಮರಕ್ಕೆ ಬೆನ್ನು ಕೊಟ್ಟು ಕೂತ.

ಫೋಟೊ ಹೊಡೆದ ಮೇಲೆ ಆ ಪುಟವನ್ನು ಅವನು ನೂರು ಸಲ ದಾಟಿದ್ದ. ಬೆರಳಿನಿಂದ ಒಂದು ತಳ್ಳು, ಮುಂದಿನ ಪುಟ. ನಿಂತು ನೋಡಿದ್ದು ಇದೇ ಮೊದಲು. ಅಜ್ಜನ ಅಕ್ಷರ ಉದ್ದಿನ ಕಾಳಿನ ಹಾಗೆ ಗುಂಡಗಿದ್ದವು. ಒಂದು ಹೆಸರಿನ ಮೇಲೆ ಎಣ್ಣೆಯ ಕಲೆ ಇತ್ತು. ಇನ್ನೊಂದನ್ನು ತಪ್ಪು ಬರೆದು, ಹೊಡೆದು ಹಾಕಿ, ಬಾಜೂ ತಿದ್ದಿದ್ದರು.

ಓದಿದ. ಕಣ್ಣು ಮುಚ್ಚಿ ಹೇಳಿದ. ಮೂರನೆಯ ಸಾಲಿನಲ್ಲಿ ಬಿದ್ದ. ಮತ್ತೆ ಓದಿದ. ಪರದೆ ಕಪ್ಪಾಗಿರಬಹುದೆಂದು ಪ್ರತಿ ಸಲ ಮೊದಲು ಒಂದೇ ಕಣ್ಣು ಬಿಡುತ್ತಿದ್ದ. ಕಪ್ಪಾಗಿರುತ್ತಿರಲಿಲ್ಲ. ಹತ್ತೂ ಇಪ್ಪತ್ತೇ ಇರುತ್ತಿತ್ತು.

ಬಿಸಿಲು ಮರದ ಈ ಕಡೆಯಿಂದ ಆ ಕಡೆಗೆ ಹೋಯಿತು.

ಕೊನೆಯ ಸಾಲು ಹೆಣ್ಣುಮಕ್ಕಳದು. ಆ ಮನೆಯಲ್ಲಿ ಹುಟ್ಟಿ ಹೊರಗೆ ಹೋದವರದು. ಸತ್ಯವ್ವ, ಬಾಳವ್ವ, ರುದ್ರವ್ವ. ಆಮೇಲೆ ಇನ್ನೊಂದು ಹೆಸರಿತ್ತು. ಅದರ ಮೇಲೆ ಒಂದು ಹೆಬ್ಬೆರಳು.

ಲಗಮಣ್ಣ ಟ್ಯಾಬನ್ನು ಓರೆ ಮಾಡಿ ನೋಡಿದ. ಓರೆ ಮಾಡಿದರೆ ಸರಿಯುವ ಬೆರಳಲ್ಲ ಅದು. ಉಗುರು ಒಡೆದಿತ್ತು. ಗೂಟ ಬಡಿಯುವಾಗ ಕಲ್ಲು ಬಿದ್ದು ಒಡೆದ ಉಗುರು. ತನ್ನ ಕೈ ಎತ್ತಿ ನೋಡಿಕೊಂಡ. ಅದೇ.

ಫೋಟೊ ಹೊಡೆಯುವಾಗ ಹೊತ್ತಿಗೆ ಮಡಚಿಕೊಳ್ಳದಿರಲೆಂದು ಮೂಲೆ ಒತ್ತಿ ಹಿಡಿದಿದ್ದ.

"ಅಜ್ಜಾರ."

"ಏನು?"

"ಒಂದು ಹೆಸರು ನನ್ನ ಹೆಬ್ಬಟ್ಟಿನ ಕೆಳಗ ಹೋಗೇತ್ರಿ."

ಅಜ್ಜ ಬಂದು ಬಗ್ಗಿ ನೋಡಿದರು. ಅವರ ಕಣ್ಣಿಗೆ ಎಷ್ಟು ಕಂಡಿತೋ.

"ಒಂದ ಹೆಸರಲ್ರಿ?" ಎಂದ ಲಗಮಣ್ಣ. "ಬಸವ್ವ ಅಂತ ಹೇಳಿಬಿಡ್ತೇನಿ. ಯಾವ ಮನ್ಯಾಗ ಬಸವ್ವ ಇಲ್ಲ ಹೇಳ್ರಿ? ತಡವರಿಸದಂಗ ಹೇಳಿದ್ರ ಯಾರಿಗೆ ಗೊತ್ತಾಗ್ತೈತಿ?"

"ಹೇಳು. ಆಕಿ ಏನು ಬಂದು ಜಗಳಾ ತಗಿಯಾಕಿ ಅಲ್ಲ."

ಅಜ್ಜ ಎತ್ತಿಗೆ ನೀರು ಕುಡಿಸಲು ಹೋದರು.

ಲಗಮಣ್ಣ ಮತ್ತೆ ಮೊದಲಿನಿಂದ ಓದಿದ. ಆರನೆಯ ತಲೆಮಾರಿನ ಮೇಲೆ ಕಣ್ಣಿದ್ದಾಗ ಟ್ಯಾಬು ಕಪ್ಪಾಯಿತು. ಸದ್ದಿಲ್ಲ, ಗದ್ದಲವಿಲ್ಲ. ಕಪ್ಪು ಗಾಜಿನಲ್ಲಿ ಹುಣಸೆಯ ಎಲೆ ಕಂಡವು, ಅವನ ಮುಖ ಕಂಡಿತು.

ಉಳಿದ ತಲೆಮಾರನ್ನು ಅವನು ಆ ಕಪ್ಪು ಗಾಜು ನೋಡಿಕೊಂಡೇ ಹೇಳಿದ. ಹೊತ್ತು ಮುಳುಗುವ ಮೊದಲು ಎತ್ತಿನ ಮುಂದೆ ನಿಂತು ಮೂರು ಸಲ ಹೇಳಿದ. ಎತ್ತು ಮೆಲುಕು ಹಾಕಿತು.

ಮರುದಿನ ಬೆಳಿಗ್ಗೆ ಹುಲ್ಲೆಪ್ಪನವರ ಅಂಗಳ. ಮನೆಯ ಯಜಮಾನ ಶೆಟ್ಟೆಪ್ಪ ಕಂಬಳಿ ಹಾಸಿ ಕೂತಿದ್ದ. ಅವನ ತಾಯಿ ನೀಲವ್ವ ಮೊರದಲ್ಲಿ ಜೋಳ ಹಿಡಿದು ತಲೆಬಾಗಿಲ ಹಿಂದೆ ನಿಂತಿದ್ದಳು. ಅಜ್ಜನಿಂದ ವೈರು ಇಸಿದುಕೊಂಡು ಟ್ಯಾಬನ್ನು ಪಡಸಾಲೆಯ ಪ್ಲಗ್ಗಿಗೆ ಹಾಕಿ ಲಗಮಣ್ಣ ಹೊರಗೆ ಬಂದ. ಅಜ್ಜ ಒಂದು ಸಲ ಗಂಟೆ ಬಾರಿಸಿದರು.

ಲಗಮಣ್ಣ ಶುರು ಮಾಡಿದ. ಅವನ ದನಿ ಜೋರಿತ್ತು, ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಒಂದನೆಯ ತಲೆಮಾರು, ಎರಡನೆಯದು. ಅಜ್ಜ ನಿಂತ ನಾಲ್ಕನೆಯದನ್ನು ಓಡುತ್ತಲೇ ದಾಟಿದ. ಶೆಟ್ಟೆಪ್ಪ ತಲೆದೂಗಿದ. ಏಳು ತಲೆಮಾರು ಮುಗಿದವು. ಹೆಣ್ಣುಮಕ್ಕಳ ಸಾಲು ಬಂತು.

"ಸತ್ಯವ್ವ. ಬಾಳವ್ವ. ರುದ್ರವ್ವ."

ಬಸವ್ವ ನಾಲಗೆಯ ತುದಿಗೆ ಬಂದು ಕೂತಿದ್ದಳು.

ಬಾಗಿಲ ಹಿಂದೆ ಮೊರ ಅಲುಗುವುದು ನಿಂತಿತ್ತು. ಮುದುಕಿ ಒಂದು ಹೆಜ್ಜೆ ಮುಂದೆ ಬಂದಿದ್ದಳು, ಕಿವಿ ಈ ಕಡೆ ಮಾಡಿದ್ದಳು.

ಲಗಮಣ್ಣನ ಬಾಯಿ ಮುಚ್ಚಿತು. ಗಂಟೆ ಅಜ್ಜನ ಕೈಯಲ್ಲಿತ್ತು. ಅದನ್ನು ಒಮ್ಮೆ ನೋಡಿದ.

"ಇನ್ನೊಂದು ಹೆಸರು ಐತ್ರಿ," ಎಂದ. "ಅದು ನನಗ ಗೊತ್ತಿಲ್ಲ. ಬರೆದಿತ್ತು. ನಾನ ಅದರ ಮ್ಯಾಲೆ ಬೆರಳು ಇಟ್ಟೇನಿ. ತಪ್ಪಾತು. ಗೊತ್ತಿದ್ದವರು ಹೇಳ್ರಿ, ಎವ್ವಾ."

ಶೆಟ್ಟೆಪ್ಪ ಕಂಬಳಿಯ ಅಂಚು ಕೀಳತೊಡಗಿದ.

"ಕಸ್ತೂರೆವ್ವ," ಎಂದಳು ನೀಲವ್ವ, ಬಾಗಿಲ ಹಿಂದಿನಿಂದಲೇ. "ನನ್ನ ಮಗಳು."

ಮತ್ತೆ ಅಂದಳು: "ಮೂರು ವರ್ಷಕ್ಕೊಮ್ಮೆ ನಿಮ್ಮಜ್ಜ ಹೇಳ್ತಿದ್ದ. ಉಳಿದ ದಿನ ಈ ಮನ್ಯಾಗ ಯಾರೂ ಆ ಹೆಸರು ತಗಿಯೂದಿಲ್ಲಪಾ."

"ಕಸ್ತೂರೆವ್ವ," ಎಂದ ಲಗಮಣ್ಣ. ಅದನ್ನು ಮೂಲಪುರುಷನ ಹೆಸರಿನಷ್ಟೇ ಜೋರಾಗಿ ಹೇಳಿದ.

ನೀಲವ್ವ ಹೊರಗೆ ಬಂದು ಜೋಳವನ್ನು ಅವನ ಜೋಳಿಗೆಗೆ ಸುರಿದಳು. ಕೆಳಗೆ ಬಿದ್ದ ಕಾಳನ್ನು ಶೆಟ್ಟೆಪ್ಪ ತಾನೇ ಬಗ್ಗಿ ಆರಿಸಿದ, ಮುಖ ಎತ್ತದೆ.

ಟ್ಯಾಬು ಬಿಡಿಸಿಕೊಂಡು ಗುರುವೂ ಶಿಷ್ಯನೂ ಹೊಳೆ ದಂಡೆಗೆ ಹೊರಟರು. ಲಗಮಣ್ಣ ಎತ್ತಿನ ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದ.

"ತಡವರಿಸಿದೆ, ಅಜ್ಜಾರ."

"ಹೌದು."

"ಗಂಟಿ ಹೋತು."

ಅಜ್ಜ ಎತ್ತಿನ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. "ನಿನ್ನ ಟ್ಯಾಬ್ ಎದ್ದೈತೇನು ನೋಡು."

ದಂಡೆ ಮುಟ್ಟಿದ ಮೇಲೆ ಲಗಮಣ್ಣ ಹಗ್ಗ ಹಿಡಿದೇ ಹುಣಸೆ ಮರದ ಕೆಳಗೆ ಕೂತು ಬಟನ್ ಒತ್ತಿ ಹಿಡಿದ. ಬೆಳಕು ಬಂತು. ವೇಳೆ ಮುಂದೆ ನಡೆದಿತ್ತು. ಬೆರಳಿಟ್ಟು ಎಳೆದ, ಪುಟ ಸರಿಯಿತು.

"ಎದ್ದೈತ್ರಿ! ಎಲ್ಲಾ ಪುಟಾನೂ ಅದಾವ್ರಿ, ಒಂದೂ ಹೋಗಿಲ್ಲ. ನಾನು ಹೇಳಿದ್ದಿಲ್ರಿ ನಿಮಗ?"

ಒಂದು ಪುಟ ಸರಿಸಿದ. ಇನ್ನೊಂದು ಸರಿಸಿದ. ಮೂರನೆಯದಕ್ಕೆ ಅವನ ಕೈ ನಿಧಾನವಾಯಿತು. ಹತ್ತನೆಯದಕ್ಕೆ ನಿಂತಿತು.

ಅಜ್ಜ ಕೇಳಿದರು, "ಹೆಬ್ಬಟ್ಟು ಐತಿ?"

"ಐತ್ರಿ."

"ಎಲ್ಲಾದರಾಗೂ?"

ಲಗಮಣ್ಣ ಕೊನೆಯ ಪುಟದವರೆಗೂ ಸರಿಸಿದ. "ಎಲ್ಲಾದರಾಗೂ ಅದ ಮೂಲಿಯೊಳಗ ಐತ್ರಿ."

"ಎಷ್ಟು ಮನಿ?"

"ನಾಕನೂರಾ ಹನ್ನೆರಡು."

ಅಜ್ಜ ಎತ್ತಿನಿಂದ ಇಳಿದು, ಹಗ್ಗವನ್ನು ಅವನ ಕೈಯಿಂದ ಬಿಡಿಸಿ, ಗಂಟೆಯನ್ನು ಅಲ್ಲಿ ಇಟ್ಟರು.

"ಹಂಗಾರ ಅಷ್ಟೂ ಮನಿಗೆ ಹೋಗಿ ಕೇಳಾಕ ನಿನಗ ಗಂಟಿ ಬೇಕಾಗ್ತೈತಿ. ತಗೊ."